ಸಿಗರೇಟು ಬಿಡಲು ವೋಲ್ಟೇಜಿನ ಲೆಕ್ಕ, ಮಿಲಿಗ್ರಾಮಿನ ಲೆಕ್ಕ

“ಇ-ಸಿಗರೇಟಿನ್ಯಾಗ ಹೊಸಬರಿಗೆ ಯಾವ ಮಾಡೆಲ್ ಚಲೋರಿ? ವೋಲ್ಟ್ ಎಷ್ಟಕ್ಕ ಇಡಬೇಕ್ರಿ?” ಸಿಗರೇಟು ಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದವರೇ ಹೆಚ್ಚಾಗಿ ಹೀಗೆ ಕೇಳುತ್ತಾರೆ. ದುಬೈನಿಂದ ಬಂದ ಅಳಿಯನೋ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನೋ ಒಂದು ಯಂತ್ರ ತಂದುಕೊಟ್ಟಿರುತ್ತಾರೆ. ಇಲ್ಲವೆಂದರೆ ನಾಲ್ಕು ಮಾಡೆಲ್ ಮುಂದಿಟ್ಟು ಹೋಲಿಸುವ ವಿಡಿಯೋ ನೋಡಿರುತ್ತಾರೆ. ಕೇಳುವವರ ಉದ್ದೇಶ ಒಳ್ಳೆಯದು, ಹಾಗಾಗಿ “ಅದು ಬ್ಯಾನ್ ಆಗೇತ್ರಿ” ಎಂದಷ್ಟೇ ಹೇಳಿ ಕಳಿಸುವುದು ಸರಿಯಲ್ಲ. ವೋಲ್ಟೇಜ್ ನಿಜವಾಗಿ ಏನು ಮಾಡುತ್ತದೆ, ನಮ್ಮಲ್ಲಿ ಆ ದಾರಿ ಯಾಕೆ ಮುಚ್ಚಿದೆ, ಅದೇ ಕೆಲಸಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಚಟ ಹಿಡಿಸುವ ನಿಕೋಟಿನ್ ಅನ್ನೇ ಅಳೆದು ಕೊಡುವ ಗಮ್ಮು (ಅಗಿಯುವುದು), ಪ್ಯಾಚು (ಚರ್ಮಕ್ಕೆ ಅಂಟಿಸುವುದು) ಇವನ್ನು ಎಷ್ಟು ಮತ್ತು ಹೇಗೆ ಬಳಸಬೇಕು, ಇವಿಷ್ಟನ್ನೂ ಹೇಳಬೇಕು.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದಿತು, ಡಿಸೆಂಬರಿನಲ್ಲಿ ಅದೇ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 3 ವರ್ಷ, 5 ಲಕ್ಷದವರೆಗೆ ಹೋಗುತ್ತದೆ. ದಾಸ್ತಾನಿಗೆ ಬೇರೆ: 6 ತಿಂಗಳವರೆಗೆ ಜೈಲು, ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊರದೇಶದಿಂದ ಕೊರಿಯರ್‌ನಲ್ಲಿ ಒಂದೇ ಒಂದು ತರಿಸಿಕೊಂಡರೂ ಅದು ಆಮದೇ. ನಿಕೋಟಿನ್ ಇಲ್ಲದ ಲಿಕ್ವಿಡ್ ಹಾಕಿದರೆ ತೊಂದರೆ ಇಲ್ಲ ಎಂದು ಮಾರುವವರು ಹೇಳುತ್ತಾರೆ, ಅದು ಸುಳ್ಳು. ನಿಕೋಟಿನ್ ಇರಲಿ ಬಿಡಲಿ, ಬಿಸಿ ಮಾಡಿ ಹಬೆ ಎಳೆಯುವ ಯಂತ್ರವೆಲ್ಲ ಆ ಕಾಯ್ದೆಯೊಳಗೆ ಬರುತ್ತದೆ, ಇ-ಹುಕ್ಕಾ ಕೂಡ.

ಸಿಗರೇಟು ಮೂಲೆಮೂಲೆಯ ಪಾನ್ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವಾಗ ಇದಕ್ಕೆ ಮಾತ್ರ ಯಾಕೆ ನಿಷೇಧ ಎಂದು ಕೇಳುವವರ ಸಿಟ್ಟು ಅರ್ಥವಾಗುತ್ತದೆ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ ಸಿಗರೇಟು ಬಿಡುವವರಿಗೆ ಇ-ಸಿಗರೇಟನ್ನು ಒಂದು ಸಾಧನವಾಗಿ ಒಪ್ಪಿಕೊಂಡಿದೆ. ಗಮ್ಮು, ಪ್ಯಾಚುಗಳಿಗಿಂತ ಹೆಚ್ಚು ಜನ ಅದರಿಂದ ಸಿಗರೇಟು ಬಿಟ್ಟಿದ್ದಾರೆ ಎಂದು ತೋರಿಸುವ ಪ್ರಯೋಗಗಳೂ ಇವೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿ ಲಿಕ್ವಿಡ್‌ನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್‌ಗಿಂತ ಹೆಚ್ಚು ಇರುವಂತಿಲ್ಲ, ಟ್ಯಾಂಕು 2 ಮಿಲಿಲೀಟರ್ ದಾಟುವಂತಿಲ್ಲ, ಮರುತುಂಬುವ ಬಾಟಲಿ 10 ಮಿಲಿಲೀಟರ್ ದಾಟುವಂತಿಲ್ಲ. ಇಲ್ಲಿ ಕದ್ದುಮುಚ್ಚಿ ಕೈಗೆ ಬರುವ ಮಾಲಿಗೆ ಇಂಥ ಯಾವ ಅಳತೆಯೂ ಇಲ್ಲ, ಕೇಳುವವರೂ ಇಲ್ಲ. ಅಲ್ಲಿನ ಪ್ರಯೋಗದ ಫಲವನ್ನು ಇಲ್ಲಿನ ಕಳ್ಳಮಾಲಿಗೆ ಅನ್ವಯಿಸಲು ಬರುವುದಿಲ್ಲ.

ವೋಲ್ಟೇಜ್ ಹೆಚ್ಚಿಸಿದರೆ ಏನಾಗುತ್ತದೆ

ಯಂತ್ರ ಯಾವುದೇ ಇರಲಿ, ಒಳಗಿರುವುದು ನಾಲ್ಕೇ: ಬ್ಯಾಟರಿ, ತಂತಿಯ ಕಾಯಿಲ್, ಆ ಕಾಯಿಲ್ ಒಳಗೆ ಹತ್ತಿಯ ಬತ್ತಿ, ಬತ್ತಿಗೆ ಲಿಕ್ವಿಡ್ ಕೊಡುವ ಟ್ಯಾಂಕು. ಬತ್ತಿ ಹೀರಿಕೊಂಡ ಲಿಕ್ವಿಡ್ಡನ್ನು ಕಾಯಿಲ್ ಬಿಸಿ ಮಾಡುತ್ತದೆ, ಹಬೆ ಏಳುತ್ತದೆ. ಎಷ್ಟು ಬಿಸಿ ಎಂಬುದನ್ನು ವೋಲ್ಟ್ ಒಂದೇ ತೀರ್ಮಾನಿಸುವುದಿಲ್ಲ, ಕಾಯಿಲಿನ ಓಮ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ ಕೂಡ ಬೇಕು. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ಓಮಿನಿಂದ ಭಾಗಿಸಿದರೆ ಶಾಖದ ಅಳತೆಯಾದ ವ್ಯಾಟ್ ಸಿಗುತ್ತದೆ. 2.2 ಓಮಿನ ಕಾಯಿಲಿಗೆ 3.7 ವೋಲ್ಟ್ ಕೊಟ್ಟರೆ 6.2 ವ್ಯಾಟ್. ಅದೇ ಕಾಯಿಲಿಗೆ 4.8 ವೋಲ್ಟ್ ಕೊಟ್ಟರೆ 10.5 ವ್ಯಾಟ್. ವೋಲ್ಟ್ ಏರಿದ್ದು ನೂರಕ್ಕೆ ಮೂವತ್ತರಷ್ಟು, ಶಾಖ ಏರಿದ್ದು ನೂರಕ್ಕೆ ಸುಮಾರು ಎಪ್ಪತ್ತರಷ್ಟು. ಕಾಯಿಲ್ 1.8 ಓಮಿನದಾದರೆ 4.8 ವೋಲ್ಟಿಗೆ 12.8 ವ್ಯಾಟ್. ಹಾಗಾಗಿ “ನಮ್ ದೋಸ್ತ ನಾಲ್ಕೂವರಿಗೆ ಇಟ್ಟಾನ, ನಾನೂ ಅಷ್ಟಕ್ಕ ಇಟ್ಟೆ” ಎನ್ನುವ ಮಾತಿಗೆ ಅರ್ಥವಿಲ್ಲ. ಅವನ ಕಾಯಿಲ್ ಬೇರೆ, ಇವನದು ಬೇರೆ.

ಹೊಸಬರಿಗೆಂದು ಹೇಳಲಾಗುವ ಮಾಡೆಲ್‌ಗಳಲ್ಲಿ ಸಿಗರೇಟಿನಷ್ಟೇ ಸಣ್ಣಗಿರುವುದು ಒಂದು ಬಗೆ. ಅದಕ್ಕೆ ಬದಲಿಸುವ ವೋಲ್ಟೇಜ್ ಇಲ್ಲ, ಬ್ಯಾಟರಿ ಚಿಕ್ಕದು. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್, ಖಾಲಿಯಾಗುತ್ತ 3.4ರ ಸುತ್ತ ಇಳಿಯುತ್ತದೆ. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕಿಟ್ ಇಲ್ಲದಿದ್ದರೆ 2.2 ಓಮಿನ ಕಾಯಿಲಿಗೆ ಮುಂಜಾನೆ 8 ವ್ಯಾಟ್, ಸಂಜೆ 5 ವ್ಯಾಟ್ ಆಯಿತು. ಸಂಜೆ ಹಬೆ ಸಾಲದೆ ಮನುಷ್ಯ ಉದ್ದುದ್ದ ದಮ್ಮು ಎಳೆಯುತ್ತಾನೆ, ಆಮೇಲೆ ಪಾನ್ ಅಂಗಡಿಯತ್ತ ನಡೆಯುತ್ತಾನೆ. ಇನ್ನೊಂದು ಬಗೆ ಪೆನ್ನಿನಂಥದು. ಗುಂಡಿ ಒತ್ತಿ ಎಳೆಯಬೇಕು, ಬುಡದಲ್ಲಿ 3.2ರಿಂದ 4.8 ವೋಲ್ಟಿನವರೆಗೆ ತಿರುಗಿಸುವ ಚಕ್ರ ಇರುತ್ತದೆ. ಆ ಬಗೆಯ ಕಾಯಿಲ್ ಸಾಮಾನ್ಯವಾಗಿ 1.8ರಿಂದ 2.4 ಓಮ್, ಅದು ನೆಟ್ಟಗೆ ನಡೆಯುವುದು 3.3ರಿಂದ 4 ವೋಲ್ಟಿನೊಳಗೆ. ಮೂರನೆಯದು ಪಾಡ್: ಗುಂಡಿಯೂ ಇಲ್ಲ, ಚಕ್ರವೂ ಇಲ್ಲ, ಎಳೆದರೆ ತಾನೇ ಚಾಲೂ. ದೊಡ್ಡ ಡಬ್ಬಿಯಂಥ ಯಂತ್ರಗಳು 40 ವ್ಯಾಟ್, ಅದಕ್ಕೂ ಮೇಲೆ ಓಡುತ್ತವೆ. ಅವು ಹೊಗೆಯ ಮೋಡ ಎಬ್ಬಿಸುವವರ ಆಟದ ಸಾಮಾನು.

ಕೆಡುವುದು ಎಲ್ಲಿ ಅಂದರೆ ಬತ್ತಿಯಲ್ಲಿ. ವೋಲ್ಟೇಜ್ ಏರಿಸಿದಾಗ ಬತ್ತಿ ಲಿಕ್ವಿಡ್ ಹೀರುವ ವೇಗಕ್ಕಿಂತ ಹಬೆಯಾಗಿ ಹೋಗುವ ವೇಗ ಹೆಚ್ಚಾಗುತ್ತದೆ. ನೀರು ಬತ್ತಿದ ಬಕೆಟ್ಟಿನಲ್ಲಿ ಹೀಟರ್ ಬಿಟ್ಟ ಹಾಗೆ, ಕಾಯಿಲ್ ಒಣ ಹತ್ತಿಯನ್ನು ಸುಡುತ್ತದೆ. ಗಂಟಲಿಗೆ ಸುಟ್ಟ ವಾಸನೆಯ ಒಂದು ಕಹಿ ಹೊಡೆತ ಬೀಳುತ್ತದೆ. ಅದೇ ಸಮಯಕ್ಕೆ ಲಿಕ್ವಿಡ್ಡಿನ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷಗಳಾಗುತ್ತವೆ. 2015ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಯಂತ್ರವನ್ನು 3.3 ವೋಲ್ಟಿನಲ್ಲೂ 5 ವೋಲ್ಟಿನಲ್ಲೂ ಓಡಿಸಿ ನೋಡಿದರು. ಕೆಳಗಿನ ಮಟ್ಟದಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ವಸ್ತು ಕಾಣಲಿಲ್ಲ, ಮೇಲಿನ ಮಟ್ಟದಲ್ಲಿ ಕಂಡಿತು. ಆ ಪರೀಕ್ಷೆಯ 5 ವೋಲ್ಟಿನ ದಮ್ಮು ಮನುಷ್ಯ ಸಹಿಸಲಾರದಷ್ಟು ಸುಟ್ಟದ್ದು ಎಂಬ ಆಕ್ಷೇಪ ಬಂತು, ಅದರಲ್ಲಿ ಹುರುಳಿದೆ. ಆದರೂ ಸುಟ್ಟ ರುಚಿ ಬಂದ ಮೇಲೂ ಎಳೆಯುತ್ತ ಕೂರುವವರಿಗೆ ಅದು ನೇರ ಎಚ್ಚರಿಕೆ.

ಸಿಗರೇಟು ಬಿಡುವವರು ವೋಲ್ಟೇಜ್ ಏರಿಸುವುದು ಯಾಕೆ? ನಿಕೋಟಿನ್ ಸಾಲುವುದಿಲ್ಲ, ಅದಕ್ಕೆ. ಸಿಗರೇಟಿನ ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದಿಂದ ಮೆದುಳಿಗೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮುಟ್ಟುತ್ತದೆ. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಹೆಚ್ಚುಕಡಿಮೆ 1ರಿಂದ 1.5 ಮಿಲಿಗ್ರಾಂ. ಕಡಿಮೆ ಬಲದ ಲಿಕ್ವಿಡ್ ಅಷ್ಟು ಕೊಡದಿದ್ದಾಗ ಚಕ್ರ ತಿರುಗಿಸುವ ಆಸೆಯಾಗುತ್ತದೆ. ಇದರ ವಿರುದ್ಧ ತುದಿಯಲ್ಲಿ “5 ಪರ್ಸೆಂಟ್” ಎಂದು ಬರೆದ ಬಳಸಿ ಎಸೆಯುವ ಯಂತ್ರಗಳು ಇವೆ. ಐದು ಎಂದರೆ ಚಿಕ್ಕ ಸಂಖ್ಯೆ ಅನ್ನಿಸುತ್ತದೆ, ಆದರೆ ಅದು ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ. 2 ಮಿಲಿಲೀಟರ್ ಇದ್ದರೆ ಒಳಗೆ 100 ಮಿಲಿಗ್ರಾಂ ನಿಕೋಟಿನ್. ದಿನಕ್ಕೆ ಆರು ಸಿಗರೇಟು ಸೇದುತ್ತಿದ್ದವರು ಇದನ್ನು ಹಿಡಿದು, ಮೊದಲಿಗಿಂತ ಆಳವಾದ ಚಟಕ್ಕೆ ಬೀಳುವುದು ಹೀಗೆ. ವಾಸನೆ ಇಲ್ಲ, ಬೂದಿ ಇಲ್ಲ, ಮುಗಿಯಿತು ಎನ್ನುವ ಗುರುತಿಲ್ಲ. ಮನೆಯೊಳಗೆ, ಬಚ್ಚಲಲ್ಲಿ, ಹಾಸಿಗೆಯಲ್ಲಿ ಎಲ್ಲೆಂದರಲ್ಲಿ ಎಳೆಯುತ್ತಿರುತ್ತಾರೆ. ಆ ಲಿಕ್ವಿಡ್ ಬಾಟಲಿ ಚಿಕ್ಕ ಮಕ್ಕಳ ಬಾಯಿಗೆ ಹೋದರೆ ಜೀವಕ್ಕೇ ಅಪಾಯ.

ಅಂದರೆ ಮಾಡೆಲ್ ಯಾವುದು, ವೋಲ್ಟ್ ಎಷ್ಟು ಎಂಬ ಪ್ರಶ್ನೆಯ ಬುಡದಲ್ಲಿರುವುದು ಒಂದೇ ಪ್ರಶ್ನೆ: ನನ್ನ ಮೈ ಕೇಳುವ ನಿಕೋಟಿನ್ ಎಷ್ಟು, ಅದನ್ನು ಹೊಗೆಯಿಲ್ಲದೆ ಹೇಗೆ ಕೊಟ್ಟು, ಹೇಗೆ ಇಳಿಸುತ್ತ ಹೋಗುವುದು? ಅದಕ್ಕೆ ಉತ್ತರ ನಮ್ಮ ಪೇಟೆಯಲ್ಲೇ ಇದೆ. ನಿಕೋಟಿನ್ ಗಮ್ಮು, ಚೀಪುವ ಗುಳಿಗೆ, ಪ್ಯಾಚು. ಅಳತೆ ಗೊತ್ತಿದೆ, ತಯಾರಿಸಿದವರ ಹೆಸರಿದೆ, ಬ್ಯಾಚ್ ನಂಬರ್ ಇದೆ.

2 ಮಿಲಿಗ್ರಾಮೋ 4 ಮಿಲಿಗ್ರಾಮೋ

ಎಷ್ಟು ಸಿಗರೇಟು ಸೇದುತ್ತೀರಿ ಎಂಬುದಕ್ಕಿಂತ, ಮುಂಜಾನೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹೊತ್ತಿಸುತ್ತೀರಿ ಎಂಬುದು ಹೆಚ್ಚು ಹೇಳುತ್ತದೆ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ತಾಸಿಗೆ ಅರ್ಧದಷ್ಟು ಇಳಿಯುತ್ತದೆ. ರಾತ್ರಿಯೆಲ್ಲ ನಿದ್ದೆಯಲ್ಲಿದ್ದವರ ಮೈಯಲ್ಲಿ ಮುಂಜಾನೆ ಉಳಿದಿರುವುದು ಅಲ್ಪ. ಕಣ್ಣು ಬಿಟ್ಟ 30 ನಿಮಿಷದೊಳಗೆ, ಅಂದರೆ ಮುಖ ತೊಳೆದು ಚಹಾ ಕುಡಿಯುವ ಮೊದಲೇ ಬೇಕೇಬೇಕು ಎನ್ನುವವರಿಗೆ 4 ಮಿಲಿಗ್ರಾಂ. ಅರ್ಧ ತಾಸಿನ ನಂತರವೂ ತಡೆಯಬಲ್ಲೆ ಎನ್ನುವವರಿಗೆ 2 ಮಿಲಿಗ್ರಾಂ. ನಮ್ಮಲ್ಲಿ 2 ಮಿಲಿಗ್ರಾಮಿನದು ಚೀಟಿಯಿಲ್ಲದೆ ಸಿಗುತ್ತದೆ, 4 ಮಿಲಿಗ್ರಾಮಿಗೆ ವೈದ್ಯರ ಚೀಟಿ ಬೇಕು. ಅನೇಕರು ಚೀಟಿಯ ತಾಪತ್ರಯ ಬೇಡವೆಂದು 2ನ್ನೇ ಒಯ್ಯುತ್ತಾರೆ, ಸಾಲದೆ ಮೂರನೇ ದಿನಕ್ಕೆ ಬಿಡುತ್ತಾರೆ, “ಗಮ್ ಕೆಲಸ ಮಾಡಂಗಿಲ್ಲ” ಎಂದು ಊರಿಗೆಲ್ಲ ಹೇಳುತ್ತಾರೆ. ಒಂದು ಸಲ ವೈದ್ಯರ ಹತ್ತಿರ ಹೋಗಿಬರುವುದು ಅಷ್ಟು ದೊಡ್ಡ ಕೆಲಸವಲ್ಲ.

ಇನ್ನು ಸಂಖ್ಯೆ. 2 ಮಿಲಿಗ್ರಾಂ ಎಂದು ಬರೆದ ಗಮ್ಮಿನಿಂದ, ಸರಿಯಾಗಿ ಅಗಿದರೂ ಮೈಗೆ ಸೇರುವುದು ಸುಮಾರು ಅರ್ಧ. ದಿನಕ್ಕೆ 15 ಸಿಗರೇಟು ಸೇದುವವರು 15ರಿಂದ 20 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ಅವರು ನಾಲ್ಕು ಗಮ್ಮು ಅಗಿದರೆ ಸಿಕ್ಕಿದ್ದು 4 ಮಿಲಿಗ್ರಾಂ. ತಲೆನೋವು, ಸಿಡುಕು, ನಿದ್ದೆಗೇಡು ಆಗದೆ ಇನ್ನೇನು? ಮೊದಲ 6 ವಾರ ಎಚ್ಚರವಿರುವಷ್ಟು ಹೊತ್ತೂ ಒಂದೆರಡು ತಾಸಿಗೊಂದು ಗಮ್ಮು, ದಿನಕ್ಕೆ ಕನಿಷ್ಠ 9 ಬೇಕು. ಆಸೆ ಹುಟ್ಟಲಿ ಎಂದು ಕಾಯದೆ ಗಡಿಯಾರ ನೋಡಿ ಹಾಕಿಕೊಳ್ಳಬೇಕು, ಯಾಕೆಂದರೆ ಗಮ್ಮಿನ ನಿಕೋಟಿನ್ ರಕ್ತದಲ್ಲಿ ಏರಲು ಅರ್ಧ ತಾಸು ಹಿಡಿಯುತ್ತದೆ. ಆಸೆ ಎದ್ದಮೇಲೆ ಹಾಕಿಕೊಂಡದ್ದು ಆಸೆ ಹೋದಮೇಲೆ ಕೆಲಸ ಶುರುಮಾಡುತ್ತದೆ. 7ನೇ ವಾರದಿಂದ 9ನೇ ವಾರದವರೆಗೆ ಎರಡರಿಂದ ನಾಲ್ಕು ತಾಸಿಗೊಂದು. 10ರಿಂದ 12ರವರೆಗೆ ನಾಲ್ಕರಿಂದ ಎಂಟು ತಾಸಿಗೊಂದು. 2 ಮಿಲಿಗ್ರಾಮಿನದು ದಿನಕ್ಕೆ 24, 4 ಮಿಲಿಗ್ರಾಮಿನದು 15, ಇವನ್ನು ಮೀರಬಾರದು.

ಅಗಿಯುವ ಕ್ರಮದ ಬಗ್ಗೆ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಭಾಗದಲ್ಲಿ ಗಮ್ಮು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬಬಲ್ ಗಮ್ಮಿನಂತೆ ಚಪಚಪ ಅಗಿದರೆ ನಿಕೋಟಿನ್ ಒಮ್ಮೆಲೇ ಉಗುಳಿಗೆ ಬಿಟ್ಟುಕೊಂಡು ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆಗೆ ಹೋದದ್ದರಲ್ಲಿ ಬಹುಪಾಲನ್ನು ಯಕೃತ್ತು ಒಡೆದುಹಾಕುತ್ತದೆ, ಮೆದುಳಿಗೆ ಸಿಗುವುದು ಕಡಿಮೆ. ಉಳಿಯುವುದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ಸರಿಯಾದ ಕ್ರಮ ಹೀಗೆ: ಹತ್ತು ಹದಿನೈದು ಸಲ ಮೆಲ್ಲಗೆ ಅಗಿಯಿರಿ. ನಾಲಿಗೆಗೆ ಮೆಣಸಿನಂಥ ಚುರುಕು, ಜುಮ್ಮೆನ್ನುವುದು ತಿಳಿದ ಕೂಡಲೇ ಅಗಿಯುವುದು ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಿ. ಒಂದು ನಿಮಿಷದಲ್ಲಿ ಚುರುಕು ಇಳಿಯುತ್ತದೆ, ಮತ್ತೆ ನಾಲ್ಕಾರು ಸಲ ಅಗಿದು ಬಾಯಿಯ ಇನ್ನೊಂದು ಬದಿಗೆ ಇಡಿ. ಹೀಗೆ 30 ನಿಮಿಷ. ಎಷ್ಟು ಅಗಿದರೂ ಚುರುಕು ಬರದಿದ್ದರೆ ಅದರ ಕೆಲಸ ಮುಗಿದಂತೆ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಗುಟ್ಕಾ, ಎಲೆ-ಅಡಿಕೆಯ ರೂಢಿ ಇದ್ದವರು ಗಮ್ಮಿನ ರಸವನ್ನೂ ಅಭ್ಯಾಸಬಲದಿಂದ ಉಗುಳಿಬಿಡುತ್ತಾರೆ. ಉಗುಳಿದರೆ ನಿಕೋಟಿನ್ ನೆಲಕ್ಕೆ ಹೋಯಿತು. ನುಂಗಲೂ ಬೇಡಿ, ಉಗುಳಲೂ ಬೇಡಿ, ಕೆನ್ನೆಯಲ್ಲಿ ಇರಲು ಬಿಡಿ.

ಬಾಯೊಳಗೆ ಹುಳಿ ಇದ್ದರೆ ನಿಕೋಟಿನ್ ಕೆನ್ನೆಯ ಚರ್ಮದಿಂದ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಗಮ್ಮಿನೊಳಗೆ ಕ್ಷಾರದ ಅಂಶ ಹಾಕಿರುವುದೇ ಬಾಯಿಯ ಹುಳಿ ಮುರಿಯಲೆಂದು. ನಮ್ಮ ಊಟ ಮುಗಿಯುವುದು ಮಜ್ಜಿಗೆಯಿಂದ, ಮಜ್ಜಿಗೆ ಕುಡಿದು ಕೈತೊಳೆದ ಮರುಗಳಿಗೆಯೇ ಸಿಗರೇಟಿನ ನೆನಪು ಬರುವುದು. ಆ ಗಳಿಗೆಯಲ್ಲಿ ನೇರ ಗಮ್ಮು ಹಾಕಿಕೊಂಡರೆ ಅರ್ಧಕ್ಕರ್ಧ ವ್ಯರ್ಥ. ಬಾಯಿ ಚೆನ್ನಾಗಿ ಮುಕ್ಕಳಿಸಿ 15 ನಿಮಿಷ ಬಿಡಿ. ನಿಂಬೆ ಶರಬತ್ತು, ಸೋಡಾ, ಹಣ್ಣಿನ ರಸ, ಕಾಫಿ, ಚಹಾ ಎಲ್ಲಕ್ಕೂ ಇದೇ ನಿಯಮ. ಗಮ್ಮು ಬಾಯಲ್ಲಿರುವಾಗ ನೀರು ಬಿಟ್ಟು ಬೇರೆ ಏನೂ ಬೇಡ. ಊಟವಾದ ಕೂಡಲೇ ತಡೆಯಲಾಗದು ಎನ್ನುವವರು ಊಟಕ್ಕೆ ಅರ್ಧ ತಾಸು ಮೊದಲೇ ಒಂದು ಗಮ್ಮು ಮುಗಿಸಿ ಕೂರಲಿ, ಅದರ ಬಲ ಊಟದ ನಂತರವೂ ಇರುತ್ತದೆ.

ಹಲ್ಲಿನ ಸೆಟ್ಟು ಹಾಕಿಕೊಂಡವರಿಗೆ, ದವಡೆ ನೋವಿರುವವರಿಗೆ ಗಮ್ಮು ಕಷ್ಟ. ಅವರಿಗೆ ಚೀಪುವ ಗುಳಿಗೆ ಇದೆ, ಅದೂ 2 ಮತ್ತು 4 ಮಿಲಿಗ್ರಾಮಿನಲ್ಲಿ. ಕಡಿಯಬಾರದು, ಕೆನ್ನೆಯಿಂದ ಕೆನ್ನೆಗೆ ಹೊರಳಿಸುತ್ತ 20-30 ನಿಮಿಷ ಕರಗಲು ಬಿಡಬೇಕು.

ಪ್ಯಾಚು, ಮತ್ತು ನಮ್ಮ ಬೇಸಿಗೆ

ಪ್ಯಾಚು ಚರ್ಮದ ಮೂಲಕ ದಿನವಿಡೀ ಒಂದೇ ಸಮನೆ ನಿಕೋಟಿನ್ ಕೊಡುತ್ತದೆ. 21, 14, 7 ಮಿಲಿಗ್ರಾಂ ಎಂದು ಮೂರು ಬಲ. ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟು ಸೇದುವವರು 6 ವಾರ 21, ಆಮೇಲೆ 2 ವಾರ 14, ಕೊನೆಗೆ 2 ವಾರ 7. ಹತ್ತರೊಳಗಿನವರು 6 ವಾರ 14, 2 ವಾರ 7. ಎರಡು-ಎರಡೂವರೆ ತಿಂಗಳು ಪ್ಯಾಚು ಎಂದರೆ ಖರ್ಚು ಕಾಣುತ್ತದೆ. ದಿನದ ಸಿಗರೇಟಿನ ಹಣವನ್ನು ಅದರ ಪಕ್ಕ ಇಟ್ಟು ನೋಡಿ ತೀರ್ಮಾನಿಸಿ.

ಹಚ್ಚುವ ಜಾಗದಲ್ಲಿ ಕೂದಲಿರಬಾರದು, ಎಣ್ಣೆ ಇರಬಾರದು. ಮೇಲ್ತೋಳು, ಎದೆಯ ಮೇಲ್ಭಾಗ, ಬೆನ್ನು ಸರಿ. ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ದಿನಾ ಜಾಗ ಬದಲಿಸಬೇಕು, ಒಂದು ವಾರದೊಳಗೆ ಅದೇ ಜಾಗಕ್ಕೆ ಬರಬಾರದು, ಇಲ್ಲದಿದ್ದರೆ ಚರ್ಮ ಕೆಂಪಾಗಿ ಕೆರೆತ ಶುರು. ಏಪ್ರಿಲ್-ಮೇ ಬಿಸಿಲಲ್ಲಿ ಗದಗ, ಹಾವೇರಿ ಕಡೆ ಹೊಲದಲ್ಲೋ ಕಟ್ಟಡದ ಮೇಲೋ ಕೆಲಸ ಮಾಡುವವರಿಗೆ ಎರಡು ತೊಂದರೆ. ಬೆವರಿಗೆ ಅಂಚು ಏಳುತ್ತದೆ. ಸ್ನಾನ ಮಾಡಿ, ಮೈ ಪೂರ್ತಿ ಒರೆಸಿ, ಪೌಡರ್ ಹಾಕುವ ಮೊದಲೇ ಹಚ್ಚಬೇಕು, ಅಂಚಿಗೆ ವೈದ್ಯಕೀಯ ಅಂಟುಪಟ್ಟಿ ಹಾಕಬಹುದು. ಎರಡನೆಯದು, ಮೈ ಕಾದಾಗ ಚರ್ಮದಲ್ಲಿ ರಕ್ತ ಹೆಚ್ಚು ಹರಿದು ನಿಕೋಟಿನ್ ವೇಗವಾಗಿ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ಎದೆ ಡವಡವ ಎಂದರೆ ಪ್ಯಾಚು ಕಿತ್ತು ನೆರಳಿಗೆ ಬಂದು ಕುಳಿತುಕೊಳ್ಳಿ, ಮರುದಿನ ಕಡಿಮೆ ಬಲದ್ದರ ಬಗ್ಗೆ ಕೇಳಿ. ರಾತ್ರಿ ಕನಸುಗಳ ಹಾವಳಿ ಎನ್ನಿಸಿದರೆ ಮಲಗುವಾಗ ತೆಗೆದಿಡಿ, ಮುಂಜಾನೆ ಹೊಸದನ್ನು ಹಚ್ಚಿ. ಬಲ ಇಳಿಸಲೆಂದು ಪ್ಯಾಚನ್ನು ಕತ್ತರಿಯಿಂದ ಅರ್ಧ ಮಾಡಬೇಡಿ. ತೆಗೆದ ಪ್ಯಾಚಿನಲ್ಲಿ ಇನ್ನೂ ನಿಕೋಟಿನ್ ಉಳಿದಿರುತ್ತದೆ, ಅಂಟಿನ ಬದಿ ಒಳಗೆ ಬರುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ತೆಗೆದೇ ಹೋಗಬೇಕು, ಕೆಲವು ಪ್ಯಾಚಿನ ಹಿಂಬದಿಯ ಲೋಹದ ಪದರ ಕಾದು ಚರ್ಮ ಸುಡುತ್ತದೆ.

ನಮ್ಮ ಶಿಫಾರಸು ಸ್ಪಷ್ಟ: ಎದ್ದ ಅರ್ಧ ತಾಸಿನೊಳಗೆ ಸೇದುವವರಿಗೆ ಪ್ಯಾಚು ಮತ್ತು ಗಮ್ಮು ಎರಡೂ ಸೇರಿಸಿ. ಪ್ಯಾಚು ದಿನದ ತಳಪಾಯ ಹಿಡಿಯುತ್ತದೆ, ಅದರ ಮೇಲೂ ಏಳುವ ಆಸೆಗೆ, ಆ ಹೊತ್ತಿಗೆ ಸ್ವಲ್ಪ ಮೊದಲೇ ಗಮ್ಮು; ಪ್ಯಾಚು ಜೊತೆಗಿರುವುದರಿಂದ ಇಲ್ಲಿ 2 ಮಿಲಿಗ್ರಾಮಿನದು. ಒಂದನ್ನೇ ಬಳಸಿದವರಿಗಿಂತ ಎರಡನ್ನೂ ಬಳಸಿದವರು ಹೆಚ್ಚು ಸಂಖ್ಯೆಯಲ್ಲಿ ಬಿಟ್ಟಿದ್ದಾರೆ ಎಂಬುದು ಮತ್ತೆಮತ್ತೆ ಪರೀಕ್ಷೆಗೆ ನಿಂತ ಮಾತು. ಕಳೆದ ಎರಡು ವಾರದಲ್ಲಿ ಹೃದಯಾಘಾತ ಆದವರು, ಎದೆಬಡಿತದ ಗಂಭೀರ ತೊಂದರೆ ಇರುವವರು, ಗರ್ಭಿಣಿಯರು, 18 ತುಂಬದವರು ವೈದ್ಯರನ್ನು ಕೇಳದೆ ಯಾವುದನ್ನೂ ಶುರುಮಾಡಬಾರದು.

ಬೀಡಿಯವರ ಲೆಕ್ಕವನ್ನು ಅನೇಕ ಕಡೆ ತಪ್ಪು ಮಾಡುತ್ತಾರೆ. ಬೀಡಿ ಸಣ್ಣದು, ಹಾಗಾಗಿ ಎರಡು ಬೀಡಿಗೆ ಒಂದು ಸಿಗರೇಟು ಎಂದು ಎಣಿಸುತ್ತಾರೆ. ಬೀಡಿಯ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಬಿಟ್ಟುಬಿಟ್ಟು ಎಳೆದರೆ ಆರಿಹೋಗುತ್ತದೆ, ಅದಕ್ಕೆ ಜೋರಾಗಿ, ಮತ್ತೆಮತ್ತೆ ಎಳೆಯಬೇಕು. ತಂಬಾಕು ಕಡಿಮೆ ಇದ್ದರೂ ನಿಕೋಟಿನ್ ಕಡಿಮೆ ಬರುವುದಿಲ್ಲ. ಬೀಡಿಯವರಿಗೂ ಮುಂಜಾನೆಯ 30 ನಿಮಿಷದ ಅಳತೆಯನ್ನೇ ಹಿಡಿಯಿರಿ. ಬೀಡಿಯ ಜೊತೆ ಗುಟ್ಕಾ, ಜರ್ದಾ, ಸುಣ್ಣ ತಿಕ್ಕಿದ ತಂಬಾಕೂ ಇದ್ದರೆ ಎರಡನ್ನೂ ಒಂದೇ ದಿನ ಬಿಡಬೇಕು. ಬೀಡಿ ಬಿಟ್ಟು ತಂಬಾಕು ಉಳಿಸಿಕೊಂಡವರ ಮೈಗೆ ನಿಕೋಟಿನ್ ಬರುತ್ತಲೇ ಇರುತ್ತದೆ, ಆ ತಂಬಾಕು ಇನ್ನೂ ಹೆಚ್ಚಬಹುದು. ಇ-ಸಿಗರೇಟಿಗೆ ಅಂಟಿಕೊಂಡು ಈಗ ಅದನ್ನು ಬಿಡಬೇಕು ಎನ್ನುವವರಿಗೂ ಇದೇ ಗಮ್ಮು, ಇದೇ ಪ್ಯಾಚು ಬಳಸಬಹುದು. 50 ಮಿಲಿಗ್ರಾಮಿನ ಲಿಕ್ವಿಡ್ ಎಳೆಯುತ್ತಿದ್ದವರು ಸಣ್ಣ ಬಲದಿಂದ ಶುರುಮಾಡಿದರೆ ಸೋಲುತ್ತಾರೆ, ವೈದ್ಯರ ಹತ್ತಿರ ಹೋಗುವುದು ವಾಸಿ.

ನಿಕೋಟಿನ್ ಇಲ್ಲದ ಗುಳಿಗೆಗಳೂ ಇವೆ, ಚೀಟಿಯ ಮೇಲೆ ಮಾತ್ರ. ವೆರೆನಿಕ್ಲಿನ್ ಅನ್ನು ಸಿಗರೇಟು ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರುಮಾಡುತ್ತಾರೆ: 3 ದಿನ 0.5 ಮಿಲಿಗ್ರಾಂ ಒಂದು ಹೊತ್ತು, 4 ದಿನ ಎರಡು ಹೊತ್ತು, ಆಮೇಲೆ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಹೊಟ್ಟೆ ತುಂಬ ಉಂಡು, ಲೋಟ ತುಂಬ ನೀರಿನೊಂದಿಗೆ ನುಂಗದಿದ್ದರೆ ವಾಕರಿಕೆ ಬರುವ ಸಾಧ್ಯತೆ ಹೆಚ್ಚು. ಬುಪ್ರೊಪಿಯಾನ್ ಇನ್ನೊಂದು, ಮೂರ್ಛೆರೋಗ ಇರುವವರಿಗೆ ಅದು ಕೂಡದು.

ಯಾರೂ ಹೇಳದ ಒಂದು ಸಂಗತಿ ಚಹಾದ್ದು. ಹೊಗೆಯಲ್ಲಿರುವ ಟಾರ್ ಯಕೃತ್ತನ್ನು ಕೆರಳಿಸಿ ಕೆಫೀನನ್ನು ಬೇಗ ಒಡೆಯುವಂತೆ ಮಾಡಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿದು, ಅಷ್ಟೇ ಚಹಾಕ್ಕೆ ಮೈಯಲ್ಲಿ ಸುಮಾರು ಎರಡು ಪಟ್ಟು ಕೆಫೀನ್ ನಿಲ್ಲುತ್ತದೆ. ಕೈ ನಡುಕ, ಚಡಪಡಿಕೆ, ರಾತ್ರಿ ನಿದ್ದೆ ಬಾರದಿರುವುದು ಸಿಗರೇಟು ಬಿಟ್ಟದ್ದರಿಂದಲೇ ಎಂದು ಜನ ತಿಳಿಯುತ್ತಾರೆ, ಅದರಲ್ಲಿ ಚಹಾದ ಪಾಲೂ ಇರುತ್ತದೆ. ಬಿಟ್ಟ ದಿನದಿಂದ ಚಹಾ ಅರ್ಧಕ್ಕೆ ಇಳಿಸಿ. ಗಮ್ಮಿನ ನಿಯಮಕ್ಕೂ ಇದರಿಂದ ಅನುಕೂಲ. ಇದೇ ಕಾರಣಕ್ಕೆ ಉಬ್ಬಸಕ್ಕೆ ಥಿಯೋಫಿಲಿನ್, ಮನೋರೋಗಕ್ಕೆ ಕ್ಲೋಜಪಿನ್ ಅಥವಾ ಒಲಾಂಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ತಮ್ಮ ವೈದ್ಯರಿಗೆ ತಿಳಿಸಲೇಬೇಕು, ಗುಳಿಗೆಯ ಪ್ರಮಾಣ ಇಳಿಸಬೇಕಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಸಕ್ಕರೆಯನ್ನು ಪದೇಪದೇ ಪರೀಕ್ಷಿಸುತ್ತಿರಬೇಕು.

ಎಲ್ಲಿಗೆ ಹೋಗುವುದು? ಧಾರವಾಡದಲ್ಲಿ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯಲ್ಲಿ ಎಲ್ಲರೂ ಇನ್ನೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ. “ತಂಬಾಕು ಬಿಡಿಸುವ ಕೇಂದ್ರ ಎಲ್ಲೈತ್ರಿ” ಎಂದು ಕೇಳಿ, ನಾಚಿಕೆ ಬೇಡ. ಫೋನಿನಲ್ಲಾದರೆ 1800-11-2356, ಉಚಿತ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ ಈ ನಂಬರಿಗೆ ಕನ್ನಡದಲ್ಲೇ ಮಾತಾಡಬಹುದು. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲಿಗೆ ಸಂದೇಶಗಳು ಬರತೊಡಗುತ್ತವೆ.

ಬಿಡುವ ದಿನವನ್ನು ಎರಡು ವಾರದೊಳಗೆ ಗೊತ್ತುಮಾಡಿ. ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ ಇರುವ ವಾರ ಬೇಡ. ಹಿಂದಿನ ರಾತ್ರಿ ಪ್ಯಾಕು, ಲೈಟರು, ಬೂದಿಬಟ್ಟಲು ಮನೆಯಿಂದ ಹೊರಗೆ ಹೋಗಬೇಕು, ಗಮ್ಮು ದಿಂಬಿನ ಪಕ್ಕ ಇರಬೇಕು. ಮೊದಲ ಮೂರು ದಿನ ಅತಿ ಕಷ್ಟ, ಒಂದು ವಾರಕ್ಕೆ ಇಳಿಮುಖ, ಎರಡರಿಂದ ನಾಲ್ಕು ವಾರದಲ್ಲಿ ಬಹುತೇಕ ಶಮನ. ಪ್ರತಿ ಸಲ ಏಳುವ ಆಸೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಆ ಹೊತ್ತು ಜಾಗ ಬಿಟ್ಟು ನಡೆದುಬಿಡಿ. ಮಲಬದ್ಧತೆ ಅನೇಕರಿಗೆ ಆಗುತ್ತದೆ, ನೀರು ಮತ್ತು ಸೊಪ್ಪು-ಕಾಳು ಹೆಚ್ಚಿಸಿ. ಕೆಮ್ಮು ಕೆಲವು ದಿನ ಜಾಸ್ತಿಯಾದರೆ ಹೆದರಬೇಡಿ. ಕಫದಲ್ಲಿ ರಕ್ತ ಕಂಡರೆ, ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನಡುವೆ ಗೆಳೆಯರ ಒತ್ತಾಯಕ್ಕೆ ಒಂದು ಸಿಗರೇಟು ಸೇದಿಬಿಟ್ಟಿರಿ ಎನ್ನೋಣ. ಹೆಚ್ಚಿನವರು ಆಗ ಪ್ಯಾಚು ಕಿತ್ತೆಸೆದು “ಇನ್ನ ನನ್ನ ಕೈಲೆ ಆಗಂಗಿಲ್ಲ” ಎಂದು ಪೂರ್ತಿ ಹಳೆಯ ದಾರಿಗೆ ಮರಳುತ್ತಾರೆ. ಪ್ಯಾಚು ಹಾಗೇ ಇರಲಿ, ಮುಂದಿನ ಗಮ್ಮು ಅದರ ಹೊತ್ತಿಗೆ ನಡೆಯಲಿ. ವಾರದಲ್ಲಿ ಎರಡು ಮೂರು ಸಲ ಹೀಗಾಗುತ್ತಿದ್ದರೆ ಪ್ರಮಾಣ ಸಾಲುತ್ತಿಲ್ಲ ಎಂದು ತಿಳಿದು ಏರಿಸಬೇಕು. 12 ವಾರವಾದರೂ ದಿನಕ್ಕೊಂದೆರಡು ಗಮ್ಮು ಬಿಡಲಾಗದವರು ಗಾಬರಿಯಾಗಬೇಕಿಲ್ಲ, ಸಿಗರೇಟಿಗೆ ಮರಳುವುದಕ್ಕಿಂತ ಅದು ಸಾವಿರ ಪಾಲು ಮೇಲು. ಗಮ್ಮನ್ನು ಎರಡು ತುಂಡು ಮಾಡಿ ಅರ್ಧರ್ಧ ಅಗಿಯುತ್ತ, ಮಧ್ಯೆಮಧ್ಯೆ ಸೋಂಪು ಹಾಕಿಕೊಳ್ಳುತ್ತ ಇಳಿಸಿ. ಪೂರ್ತಿ ನಿಂತ ಮೇಲೂ ಆರು ತಿಂಗಳು ಒಂದು ಸ್ಟ್ರಿಪ್ ಜೇಬಿನಲ್ಲಿರಲಿ, ಬೈಕಿನ ಡಿಕ್ಕಿಯಲ್ಲಿ ಬೇಡ, ಬಿಸಿಲಿಗೆ ಕೆಡುತ್ತದೆ.